ಹವಳ ಮುಟ್ಟಬಾರದು, ಗುಂಡು ಹೊಡೆಯಬಹುದು!

ನಿನ್ನೆ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಹೌದು ಮಾರಾಯ್ರೆ, ಬಕೆಟ್ ನೀರಿಗೂ ಹೆದರುವ ನಾನೇ. ಅಳಿಯನ ಒತ್ತಾಯ. ಮುರುಡೇಶ್ವರದಿಂದ ದೋಣಿ, ದಾರಿಯುದ್ದಕ್ಕೂ ವಾಂತಿ.

ಡೈವಿಂಗ್ ಹುಡುಗ ನೀರಿಗಿಳಿಸುವ ಮೊದಲು ಮೂರು ಸಲ ಹೇಳಿದ: "ಹವಳ ಮುಟ್ಬಾರ್ದು ಸರ್. ಕಾಲು ತಾಗಿದ್ರೂ ಮುರೀತದೆ, ಮತ್ತೆ ಬೆಳೆಯೂಕೆ ವರ್ಷಗಟ್ಲೆ ಬೇಕು." ಯಾರದೋ ಕೈಯಿಂದ ಹಾರಿದ ಚಿಪ್ಸ್ ಪೊಟ್ಟಣವನ್ನು ಬಲೆಕೋಲಿನಿಂದ ಎತ್ತಿ, ನೀರು ಕೊಡವಿ, ಚಡ್ಡಿ ಜೇಬಿಗೆ ತುರುಕಿಕೊಂಡ. ನನಗೆ ಖುಷಿಯಾಗಬೇಕಿತ್ತು. ಮೈ ಉರಿಯಿತು. ಯಾಕೆಂದರೆ ನಮ್ಮ ನೌಕಾಪಡೆ ಗುರಿ ಅಭ್ಯಾಸಕ್ಕೆಂದು ಫಿರಂಗಿ ಶೆಲ್ ಹೊಡೆಯುತ್ತಿದ್ದದ್ದು ಇದೇ ನೇತ್ರಾಣಿಗೆ!

ನಕ್ಷೆ ನೋಡುವವರಿಗೆ ಅದು ಜನರಿಲ್ಲದ ಬಂಡೆ. ಬಿಳಿಹೊಟ್ಟೆಯ ಕಡಲಹದ್ದಿಗೆ ಮನೆ. ಮೀನುಗಾರರಿಗೆ ಹರಕೆಯ ಆಡು ಬಿಟ್ಟುಬರುವ ದೇವರ ಜಾಗ. ನನ್ನ ಕಾಲು ತಾಗಿದರೆ ಸಾಯುವ ಹವಳಕ್ಕೆ ಫಿರಂಗಿ ಗುಂಡು ಏನು, ಅಭಿಷೇಕವೇ?

"ದೇಶದ ಭದ್ರತೆ ಮುಖ್ಯ ಅಲ್ವಾ?" ಬಂತು ನೋಡಿ. ಅಭ್ಯಾಸ ಬೇಡ ಅಂದವರು ಯಾರು? ತೇಲುವ ಗುರಿಯನ್ನು ಹಗ್ಗ ಕಟ್ಟಿ ಎಳೆಸಿ ಹೊಡೆಯುವುದು ನೌಕಾಪಡೆಗಳಿಗೆ ಹಳೇ ವಿದ್ಯೆ. ಶತ್ರುವಿನ ಹಡಗೇನು ನೇತ್ರಾಣಿಯ ಹಾಗೆ ಒಂದೇ ಕಡೆ ಕೂತಿರುತ್ತದೆಯೇ?

ಹವಾಯಿಯ ಕಹೊಓಲವೆ ದ್ವೀಪದ ಕಥೆ ಕೇಳಿ. 1941ರಿಂದ 1990ರವರೆಗೆ ಅಮೆರಿಕದ ಸೇನೆ ಅದರ ಮೇಲೆ ಬಾಂಬು ಸುರಿಯಿತು. 1965ರಲ್ಲಂತೂ ಹಡಗುಗಳು ಸ್ಫೋಟ ತಡೆಯುತ್ತವೋ ಎಂದು ನೋಡಲು ದಡದಲ್ಲೇ 500 ಟನ್ ಟಿಎನ್‌ಟಿ ಸ್ಫೋಟಕ ಸಿಡಿಸಿದರು, ಅದೂ ಒಂದಲ್ಲ, ಮೂರು ಸಲ. ಆಮೇಲೆ 40 ಕೋಟಿ ಡಾಲರ್ ಹಾಕಿ ಸಿಡಿಯದೆ ಉಳಿದ ಬಾಂಬುಗಳನ್ನು ಹತ್ತು ವರ್ಷ ಗುಡಿಸಿದರು. ಆದರೂ ದ್ವೀಪದ ಕಾಲುಭಾಗಕ್ಕೆ ಕೈಯೇ ಹಾಕಲಾಗಲಿಲ್ಲ. ಅಷ್ಟು ದುಡ್ಡಿದ್ದವರ ಪಾಡೇ ಹೀಗೆ.

ನಮ್ಮಲ್ಲಿ ಹಸಿರು ನೌಕಾಪಡೆ ಅಂತ ಗಂಧಕ ಕಡಿಮೆಯ ಡೀಸೆಲ್, ಸೋಲಾರ್, ಬೀಚ್ ಸ್ವಚ್ಛತೆ ಎಲ್ಲ ನಡೆಯುತ್ತಿದೆ. ನಡೆಯಲಿ, ನಾನೂ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಬಾಟಲಿ ಹೆಕ್ಕುವ ಫೋಟೊ ಬಂದಾಗಲೆಲ್ಲ ನನ್ನ ಕಣ್ಣು ನೇತ್ರಾಣಿಯನ್ನೇ ಹುಡುಕುತ್ತದೆ. ನೀರಿನಡಿ ಬಿದ್ದ ಆ ಫಿರಂಗಿ ಶೆಲ್ ಹೆಕ್ಕುವ ಫೋಟೊ ಒಂದು ಹಾಕಿ, ಮೊದಲ ಲೈಕ್ ನನ್ನದೇ.

ಒಂದು ತಪ್ಪೊಪ್ಪಿಗೆ. ಕಾರವಾರ ಬೀಚಿನಲ್ಲಿ ಪ್ರದರ್ಶನಕ್ಕಿಟ್ಟ 'ಚಪಲ್' ಯುದ್ಧನೌಕೆಯ ಮೇಲೆ ಎದೆ ಉಬ್ಬಿಸಿ ನಿಂತ ಫೋಟೊ ಎರಡು ವರ್ಷ ನನ್ನ ಪ್ರೊಫೈಲಿನಲ್ಲಿತ್ತು, ನೀವೇ ಲೈಕ್ ಒತ್ತಿದ್ದೀರಿ. ನೇತ್ರಾಣಿಯ ವಿಷಯ ನನಗೆ ಆಗಲೂ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಇನ್ನು "ಪಾಕಿಸ್ತಾನಕ್ಕೆ ಹೋಗಿ" ಅನ್ನುವವರು ನಾಳೆ ಬನ್ನಿ. ಈ ದೋಣಿಯ ವಾಕರಿಕೆಯೇ ಇನ್ನೂ ಇಳಿದಿಲ್ಲ.