ಬೆಳಕು ಹಿಡಿಯಲು ಬಂದ ಭಾವ

ಇವತ್ತು ಬೆಳಿಗ್ಗೆಯೂ ಅದೇ ಆಯಿತು. ಕಂಪ್ಯೂಟರ್ ಆನ್ ಮಾಡಿದೆ. ಫ್ಯಾನ್ ಒಮ್ಮೆ ಭರ್ರೆಂದಿತು. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಎಚ್ಚರಿಕೆ, ಮುಚ್ಚಳ ತೆಗೆಯಲಾಗಿದೆ, ಮುಂದುವರಿಯಲು ಎಫ್1 ಒತ್ತಿ.

ಹೌದು ಮಾರಾಯ, ತೆಗೆದವನು ನಾನೇ. ವಾಪಸ್ ಹಾಕಿದವನೂ ನಾನೇ. ಆರು ದಿನವಾಯಿತು. ಹಳೇ ಜಗಳವನ್ನು ದಿನಾ ಎದ್ದ ಕೂಡಲೇ ಕೆದಕುವವರು ಇರ್ತಾರಲ್ಲ, ಹಾಗೆ. ನಾನು ತಪ್ಪೊಪ್ಪಿಕೊಂಡವನಂತೆ ಎಫ್1 ಒತ್ತುತ್ತೇನೆ. ಅದು ಕ್ಷಮಿಸಿದಂತೆ ಮುಂದಕ್ಕೆ ಹೋಗುತ್ತದೆ. ಮರುದಿನ ಮತ್ತೆ ಅದೇ.

ಮನೆಯಲ್ಲಿಡುವ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಈ ಚಾಳಿ ಕಡಿಮೆ. ನನ್ನದು ಭಾರೀ ಕೆಲಸಕ್ಕೆಂದೇ ಮಾಡಿದ ವರ್ಕ್‌ಸ್ಟೇಷನ್. ನೋಡಲು ಮಾಮೂಲಿ ಸಿಪಿಯು ಥರಾನೇ ಇರುತ್ತದೆ, ಎತ್ತಿದವರಿಗೆ ಮಾತ್ರ ವ್ಯತ್ಯಾಸ ಗೊತ್ತು. (ಇಡೀ ಡಬ್ಬಕ್ಕೆ ಸಿಪಿಯು ಅನ್ನಬಾರದು, ಅದು ಒಳಗಿರುವ ಒಂದು ಚಿಪ್ಪಿನ ಹೆಸರು ಅಂತ ಎಷ್ಟೋ ವರ್ಷದಿಂದ ಕಂಡಕಂಡವರನ್ನು ತಿದ್ದುತ್ತಾ ಬಂದಿದ್ದೇನೆ. ಇದನ್ನು ಎತ್ತಿ ಬೆನ್ನು ಹಿಡಿದುಕೊಂಡಾಗ ನನ್ನ ಬಾಯಿಂದಲೂ ಬರುವುದು ‘ಅಯ್ಯೋ, ಈ ಸಿಪಿಯು’ ಅಂತಲೇ.) ಆಫೀಸಿನಲ್ಲಿ ಯಾರಾದರೂ ಗುಟ್ಟಾಗಿ ಮುಚ್ಚಳ ಬಿಚ್ಚಿ ನೆನಪಿನ ಪಟ್ಟಿಯಾದ ರ‍್ಯಾಮ್ ಜೇಬಿಗಿಳಿಸಿದರೆ ತಿಳಿಯಲಿ ಎಂದು ಇಂಥವುಗಳ ಮುಚ್ಚಳದಡಿ ಒಂದು ಪುಟ್ಟ ಸ್ವಿಚ್ ಇಟ್ಟಿರುತ್ತಾರೆ. ಮುಚ್ಚಳ ಅದನ್ನು ಒತ್ತಿ ಹಿಡಿದಿರುವ ತನಕ ಶಾಂತಿ. ಕರೆಂಟ್ ತೆಗೆದು ಮುಚ್ಚಳ ಬಿಚ್ಚಿದರೂ ತಪ್ಪಿಸಿಕೊಳ್ಳುವಂತಿಲ್ಲ. ಎಲ್ಲ ಭಾಗಗಳೂ ಕೂರುವ ಹಲಗೆಯಾದ ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಸೆಲ್ ಒಂದಿರುತ್ತದಲ್ಲ, ಅದರಿಂದ ಜೀವ ಹಿಡಿದುಕೊಂಡು ನೆನಪಿಟ್ಟಿರುತ್ತದೆ. ಗಡಿಯಾರ ನಡೆಸುವುದು, ಚಾಡಿ ಹೇಳುವುದು, ಎರಡಕ್ಕೂ ಒಂದೇ ಸೆಲ್.

ಶುರುವಾಗಿದ್ದು ಕಳೆದ ಭಾನುವಾರ. ಕೆಲಸ ಮೂರೇ. ಪರದೆಗೆ ಚಿತ್ರ ಮೂಡಿಸುವ ಹಳೇ ಗ್ರಾಫಿಕ್ಸ್ ಕಾರ್ಡ್ ತೆಗೆದು ಹೊಸದು ಹಾಕುವುದು, ಇನ್ನೆರಡು ರ‍್ಯಾಮ್ ಸೇರಿಸುವುದು, ಫೈಲುಗಳನ್ನು ತಿರುಗುವ ತಟ್ಟೆಯಲ್ಲಿ ಇಡುವ ಹಾರ್ಡ್ ಡಿಸ್ಕ್ ಬದಲು ಚಿಪ್ಪಿನಲ್ಲಿ ಇಡುವ ಎಸ್‌ಎಸ್‌ಡಿ ಕೂರಿಸುವುದು. ವಿಡಿಯೋ ನೋಡಿದ್ದೆ. ಅದರಲ್ಲಿದ್ದವನು ಏಳು ನಿಮಿಷದಲ್ಲಿ ಮುಗಿಸಿ ಕೈ ಒರೆಸಿಕೊಂಡಿದ್ದ. ಅವನ ಕ್ಯಾಬಿನೆಟ್ಟಿನಲ್ಲಿ ಧೂಳಿರಲಿಲ್ಲ. ಮೇಜಿನ ಮೇಲೆ ಸ್ಕ್ರೂಡ್ರೈವರ್ ಬಿಟ್ಟರೆ ಬೇರೇನೂ ಇರಲಿಲ್ಲ. ಮುಖ್ಯವಾಗಿ, ಅವನ ಹಿಂದೆ ಭಾವ ನಿಂತಿರಲಿಲ್ಲ.

ನಾನು ಕರೆದಿದ್ದಲ್ಲ. ಅಕ್ಕ ಏನೋ ಕೊಟ್ಟು ಕಳಿಸಿದ್ದಳು, ಕೊಡಲು ಬಂದರು. ಮುಚ್ಚಳ ತೆಗೆದಿರುವುದು ಕಂಡಿತು. ಚಪ್ಪಲಿ ಬಿಟ್ಟವರೇ ಬಂದು ಮೇಜಿನ ಮೇಲಿದ್ದ ಹೊಸ ರ‍್ಯಾಮ್ ಕೈಗೆತ್ತಿಕೊಂಡು, ಅದರ ಹೊಳೆಯುವ ಅಂಚನ್ನು ಹೆಬ್ಬೆರಳಲ್ಲಿ ಸವರಿ, “ಇದು ಚಿನ್ನಾನಾ?” ಎಂದರು.

“ಹೌದು ಭಾವ, ತೆಳ್ಳಗೆ ಲೇಪ ಇರುತ್ತೆ. ಅಲ್ಲಿ ಮುಟ್ಟಬಾರದು.”

“ಚಿನ್ನ ತಾನೆ, ಏನಾಗುತ್ತೆ?”

ಏನಾಗುತ್ತದೆ ಎನ್ನುವುದೇ ಸಮಸ್ಯೆ. ನಮ್ಮ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಂಡಿರುತ್ತದೆ. ಬೆರಳಿಗೆ ಚುರ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಆದರೂ ಬೇಕು. ಚಿಪ್ ಕೆಡಲು 100 ವೋಲ್ಟ್‌ಗಿಂತ ಕಡಿಮೆಯೂ ಸಾಕಾಗಬಹುದು. ಅಂದರೆ ಕೊಂದದ್ದು ಕೊಂದವನಿಗೇ ಗೊತ್ತಾಗುವುದಿಲ್ಲ. ಅದಕ್ಕೇ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿಕೊಳ್ಳಬೇಕು ಎಂದು ವಿವರಿಸಿದೆ. ಭಾವ ಗಂಭೀರವಾಗಿ ಕೇಳಿಸಿಕೊಂಡರು. ಕ್ಯಾಬಿನೆಟ್ ಮುಟ್ಟಿದರು. ಆಮೇಲೆ ಮತ್ತೆ ರ‍್ಯಾಮ್ ಎತ್ತಿಕೊಂಡು ಚಿನ್ನ ಸವರಿದರು.

ಮುಚ್ಚಳದ ಒಳಮೈಗೆ ಯಾವ ರ‍್ಯಾಮ್ ಯಾವ ಸ್ಲಾಟಿಗೆ ಎಂಬ ನಕ್ಷೆ ಅಂಟಿಸಿರುತ್ತಾರೆ. ಆ ಮುಚ್ಚಳವನ್ನು ಭಾವ ಜೋಪಾನವಾಗಿ ಗೋಡೆಗೆ ಒರಗಿಸಿಟ್ಟಿದ್ದರು. ನಕ್ಷೆ ಗೋಡೆಯ ಕಡೆಗೆ. ಇರಲಿ.

ಮೊದಲು ಗ್ರಾಫಿಕ್ಸ್ ಕಾರ್ಡ್. ಸ್ಲಾಟಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಅದನ್ನು ಒತ್ತಿದರೆ ಕಾರ್ಡ್ ಬಿಡುತ್ತದೆ. ಎಲ್ಲಿರುತ್ತದೆ? ಕಾರ್ಡಿನ ಅಡಿಯಲ್ಲಿ. ಕಾರ್ಡ್ ತೆಗೆದರೆ ಕ್ಲಿಪ್ ಕಾಣುತ್ತದೆ, ಕ್ಲಿಪ್ ಒತ್ತಿದರೆ ಕಾರ್ಡ್ ಬರುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಆ ಗಾದೆಯನ್ನೇ ಯಾರೋ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿದ್ದಾರೆ. ಒಂದು ಕಡೆ ಪ್ರೊಸೆಸರಿನ ಕೂಲರ್, ಇನ್ನೊಂದು ಕಡೆ ಕಾರ್ಡು. ಮಧ್ಯೆ ಒಂದು ಬೆರಳು ತೂರುವಷ್ಟು ಜಾಗ. ಬೆರಳು ತೂರಿದರೆ ಏನೂ ಕಾಣುವುದಿಲ್ಲ. ಕಂಡರೆ ಬೆರಳು ತೂರಿರುವುದಿಲ್ಲ.

“ತಡಿ, ನಾನು ಬೆಳಕು ಹಿಡೀತೀನಿ” ಎಂದು ಭಾವ ಮೊಬೈಲಿನ ಟಾರ್ಚ್ ಹಾಕಿದರು.

ಭಾವನಿಗೆ ಮಾತಾಡುವಾಗ ಕೈ ಸುಮ್ಮನಿರುವುದಿಲ್ಲ. ಕೈಯಲ್ಲಿ ಟಾರ್ಚ್ ಇದ್ದರೆ ಅದೂ ಮಾತಿಗೆ ಸೇರಿಕೊಳ್ಳುತ್ತದೆ. “ಇದೇನಪ್ಪ ಇಷ್ಟು ದೊಡ್ಡ ಫ್ಯಾನು?” ಎಂದರು. ಬೆಳಕು ಫ್ಯಾನಿಗೆ ಹೋಯಿತು. “ನಮ್ಮ ಆಫೀಸಲ್ಲಿ ಒಂದಿತ್ತು, ಇಷ್ಟೆತ್ತರ!” ಬೆಳಕು ಸೂರಿಗೆ ಹೋಯಿತು. “ಭಾವ, ಇಲ್ಲಿ.” “ಹಾಂ ಹಾಂ.” ಬೆಳಕು ನನ್ನ ಮುಂಗೈ ಮೇಲೆ ಬಂತು. ನನ್ನ ಮುಂಗೈ ಹೇಗಿದೆ ಅಂತ ನನಗೆ ಮೊದಲೇ ಗೊತ್ತಿತ್ತು, ಬೇಕಾಗಿದ್ದದ್ದು ಅದರ ಕೆಳಗಿನ ಕ್ಲಿಪ್ಪು. “ಆ ಕಡೆಯಿಂದ ಹಿಡೀರಿ ಭಾವ.” ಆ ಕಡೆಗೆ ಬಂದರು. ಹಿಡಿದರೆ ಸಾಲದು, ನೋಡಬೇಡವೇ? ಬಗ್ಗಿದರು. ಈಗ ಟಾರ್ಚಿಗೂ ಕ್ಲಿಪ್ಪಿಗೂ ನಡುವೆ ಅವರ ತಲೆ. “ಕಾಣ್ತಾ ಇದೆ, ಕಾಣ್ತಾ ಇದೆ, ಅಲ್ಲೇ ಇದೆ ನೋಡು” ಎಂದರು. ಅವರಿಗೆ ಕಾಣುತ್ತಿತ್ತು.

ನನಗೆ ಸಿಟ್ಟು ಬಂದಿತ್ತು. ಆದರೆ ಭಾವನ ಮೇಲೆ ಸಿಟ್ಟು ಮಾಡಲಾಗುತ್ತದೆಯೇ? ಹೋಗಿ ಅಕ್ಕನ ಹತ್ತಿರ ಹೇಳುತ್ತಾರೆ. ಹಲ್ಲು ಕಚ್ಚಿಕೊಂಡು ಬೆರಳಲ್ಲೇ ತಡಕಾಡುತ್ತಿದ್ದೆ. ಆಗ ಅವರಿಗೆ ಫೋನ್ ಬಂತು.

ಟಾರ್ಚ್ ಆರಿಸಲಿಲ್ಲ. ಹಾಗೆಯೇ ಕಿವಿಗಿಟ್ಟುಕೊಂಡರು. “ಹೇಳಿ ಹೇಳಿ. ಹಾಂ, ಸ್ವಲ್ಪ ಬಿಜಿ ಇದೀನಿ. ಇಲ್ಲೊಂದು ಕಂಪ್ಯೂಟರ್ ಬಿಚ್ಚಿದೀನಿ.” ಬಿಚ್ಚಿದೀವಿ ಕೂಡ ಅಲ್ಲ, ಬಿಚ್ಚಿದೀನಿ. ಫೋನಿನಲ್ಲಿ ಮಾತಾಡುವಾಗ ಭಾವ ನಿಂತಲ್ಲಿ ನಿಲ್ಲುವವರಲ್ಲ, ಕೋಣೆಯಲ್ಲಿ ಸುತ್ತು ಹೊಡೆಯುತ್ತಾರೆ. ಕಿವಿಯ ಪಕ್ಕದಿಂದ ಬೆಳಕಿನ ಕೋಲೊಂದು ಹೊರಟು, ಸಮುದ್ರದಂಚಿನ ದೀಪಸ್ತಂಭದ ಹಾಗೆ, ಗೋಡೆ ಸವರಿ, ಕಪಾಟು ಸವರಿ, ನನ್ನ ಕಣ್ಣಿಗೆ ಹೊಡೆದು, ಮುಂದಕ್ಕೆ ಹೋಯಿತು. ಪ್ರತಿ ಸುತ್ತಿನಲ್ಲೂ ಒಂದು ಸಲ, ಅರೆಗಳಿಗೆ, ಅದು ಕ್ಯಾಬಿನೆಟ್ಟಿನೊಳಗೆ ಸರಿಯಾದ ಕೋನದಲ್ಲಿ ಬೀಳುತ್ತಿತ್ತು. ಮೊದಲ ಸುತ್ತಿನಲ್ಲಿ ಕ್ಲಿಪ್ ಕಂಡಿತು. ಎರಡನೇ ಸುತ್ತಿನಲ್ಲಿ ಬೆರಳು ಎಲ್ಲಿಡಬೇಕು ಅಂತ ತಿಳಿಯಿತು. ಮೂರನೇ ಸುತ್ತಿಗೆ ಕಾದು ಕೂತೆ. ಬೆಳಕು ಬಂತು, ಒತ್ತಿದೆ. ಟಕ್.

ಕಾರ್ಡ್ ಕೈಗೆ ಬಂತು. “ಬಂತಾ? ನಾನು ಹೇಳ್ಲಿಲ್ವಾ, ಅಲ್ಲೇ ಇದೆ ಅಂತ” ಎಂದರು ಭಾವ, ಫೋನಿನ ಮೇಲೆ ಕೈ ಮುಚ್ಚಿ.

ರ‍್ಯಾಮಿನ ಕತೆ ಚಿಕ್ಕದು. ಮೆತ್ತಗೆ ಒತ್ತಿದರೆ ಕೂರುವುದಿಲ್ಲ, ಜೋರಾಗಿ ಒತ್ತಿದರೆ ಮದರ್‌ಬೋರ್ಡ್ ಬಿಲ್ಲಿನಂತೆ ಬಾಗಿ ಎದೆ ಝಲ್ಲೆನಿಸುತ್ತದೆ. 288 ಪಿನ್ನು, ಎಲ್ಲವೂ ಒಟ್ಟಿಗೆ ಒಪ್ಪಬೇಕು. ಒಂದು ಒಪ್ಪಿರಲಿಲ್ಲ. ಆನ್ ಮಾಡಿದರೆ ಪರದೆ ಕಪ್ಪಗೆ, ಒಳಗಿನಿಂದ ಬೀಪ್ ಬೀಪ್. ಕಿತ್ತು, ಕಣ್ಣು ಮುಚ್ಚಿ, ಮತ್ತೆ ಒತ್ತಿದೆ. ಸರಿಹೋಯಿತು. ವರ್ಕ್‌ಸ್ಟೇಷನ್ನಿನ ರ‍್ಯಾಮಿನ ಗಮ್ಮತ್ತು ಏನೆಂದರೆ, ಪ್ರತಿ 64 ಬಿಟ್‌ಗೆ 8 ಬಿಟ್ ಕಾವಲಿಗಿರುತ್ತವೆ (ಬಿಟ್ ಅಂದರೆ ಒಂದು 0 ಅಥವಾ 1). ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಈ ವಿದ್ಯೆಯ ಮೂಲಪುರುಷ ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್. ಅಲ್ಲಿನ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ವಾರಾಂತ್ಯಕ್ಕೆ ಯಂತ್ರಕ್ಕೆ ಲೆಕ್ಕ ಹಚ್ಚಿ ಹೋಗುತ್ತಿದ್ದ. ತಪ್ಪು ಕಂಡ ಕೂಡಲೇ ಯಂತ್ರ ಆ ಲೆಕ್ಕ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಉತ್ತರವೇ ಇಲ್ಲ. ತಪ್ಪಾಗಿದೆ ಅಂತ ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಹುಡುಕಿ ತಿದ್ದಲು ಏನು ಧಾಡಿ ಎಂದು ರೇಗಿ, ಅದಕ್ಕೆ ದಾರಿ ಹುಡುಕಿ, 1950ರಲ್ಲಿ ಪ್ರಕಟಿಸಿದ. ಅವನ ಸಿಟ್ಟಿನಿಂದ ಜಗತ್ತಿಗೆ ಇಷ್ಟು ಉಪಕಾರವಾಯಿತು. ನನ್ನ ಸಿಟ್ಟಿನಿಂದ ಎಫ್1 ಕೀ ಸವೆಯುತ್ತಿದೆ.

ಕೊನೆಗೆ ಎಸ್‌ಎಸ್‌ಡಿ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿ. ಓರೆಯಾಗಿ ತೂರಿಸಿದರೆ ಇನ್ನೊಂದು ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಬಗ್ಗಿಸಿ ಹಿಡಿದು ಒಂದು ಸ್ಕ್ರೂ ಹಾಕಬೇಕು. ಆ ಸ್ಕ್ರೂ 2 ಮಿಲಿಮೀಟರ್ ದಪ್ಪ, 3 ಮಿಲಿಮೀಟರ್ ಉದ್ದ. ಮೇಜಿನ ಮೇಲೆ ಒಂದು ಡಬ್ಬದ ಮುಚ್ಚಳದಲ್ಲಿ ಇಟ್ಟಿದ್ದೆ. ಇಟ್ಟದ್ದು ನೆನಪಿದೆ. ನೋಡಿದರೆ ಇಲ್ಲ.

ಮೇಜಿನ ಕೆಳಗೆ ಹುಡುಕಿದೆವು. ಕುರ್ಚಿ ಸರಿಸಿ ಹುಡುಕಿದೆವು. ಭಾವ ಮಂಡಿಯೂರಿ, ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು, ಸಣ್ಣ ವಸ್ತುವಿಗೆ ಉದ್ದ ನೆರಳು ಬೀಳುತ್ತದೆ ಎಂದು ಹೇಳಿಕೊಡುತ್ತಾ ಹುಡುಕಿದರು. ಈ ಒಂದು ಸಲ ಮಾತ್ರ ಬೆಳಕು ಅಲ್ಲಾಡಲಿಲ್ಲ. ಕಡೆಗೆ ಇಬ್ಬರೂ ಸೇರಿ ಕ್ಯಾಬಿನೆಟ್ ಎತ್ತಿ ಮಗುಚಿ ಬೆನ್ನು ತಟ್ಟಿದೆವು. ಠಣ್ ಅಂತ ಬಿತ್ತು. ಸ್ಕ್ರೂವೇ. ಬೇರೆ ಸ್ಕ್ರೂ. ಯಾವ ಕಾಲದಲ್ಲಿ ಯಾವುದನ್ನು ಹಿಡಿದಿತ್ತೋ, ಇಷ್ಟು ದಿನ ಅದಿಲ್ಲದೆ ಏನು ಅಲ್ಲಾಡುತ್ತಿತ್ತೋ, ದೇವರಿಗೇ ಗೊತ್ತು. ಎಸ್‌ಎಸ್‌ಡಿಯನ್ನು ಇನ್ಸುಲೇಷನ್ ಟೇಪಿನ ಒಂದು ತುಂಡಿನಿಂದ ಅಂಟಿಸಿದೆ. ಇದನ್ನು ನಾನು ಯಾರಿಗೂ ಹೇಳಬಾರದು ಅಂತಿದ್ದೆ.

ರಾತ್ರಿ ಹಳೆಯದರಲ್ಲಿದ್ದ ಎಲ್ಲವನ್ನೂ ಹೊಸದಕ್ಕೆ ನಕಲು ಮಾಡಿ, ಹಾರ್ಡ್ ಡಿಸ್ಕ್ ಬಿಚ್ಚಿ ಹೊರಗಿಟ್ಟೆ. ಕೈಯಲ್ಲಿ ಹಿಡಿದಾಗ ಇನ್ನೂ ಬೆಚ್ಚಗಿತ್ತು. ಅರ್ಧ ಕಿಲೋಗೂ ಜಾಸ್ತಿ ತೂಕ. ಹೊಸದು ಹತ್ತು ಗ್ರಾಂ ಕೂಡ ಇರಲಿಕ್ಕಿಲ್ಲ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಇವತ್ತಿನ ಮೊಬೈಲಿನ ಒಂದೆರಡು ಫೋಟೋಗಷ್ಟೇ ಸಾಕು. ಆದರೂ ಅದನ್ನು ಜೋಡಿಸಿದವರಿಗೆ ಸ್ಕ್ರೂ ಕಾಣೆಯಾಗುವ ಭಯವಂತೂ ಇದ್ದಿರಲಾರದು.

ಈಗ ಎಲ್ಲ ಬೇಗ ತೆರೆದುಕೊಳ್ಳುತ್ತದೆ. ಸರಿ. ಆದರೆ ಸದ್ದಿಲ್ಲ. ಮೊದಲು ಒಂದು ಫೈಲ್ ಸೇವ್ ಮಾಡಿದರೆ ಕಾಲಿನ ಹತ್ತಿರ ಕಿರ‍್ರ್ ಕಿಟ್ ಕಿಟ್ ಅಂತ ಕೇಳಿಸುತ್ತಿತ್ತು. ಆಯ್ತು, ಬರೆದುಕೊಂಡೆ ಅನ್ನುವ ಹಾಗೆ. ರಾತ್ರಿ ಎರಡು ಗಂಟೆಗೆ ಮನೆಯೆಲ್ಲ ಮಲಗಿರುವಾಗ ಜೊತೆಗೆ ಎಚ್ಚರವಿದ್ದದ್ದು ಅದೊಂದೇ. ಈಗ ಸೇವ್ ಒತ್ತಿ ಕಿವಿಗೊಟ್ಟು ಕೂರುತ್ತೇನೆ. ಏನೂ ಇಲ್ಲ. ಆಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಒತ್ತುತ್ತೇನೆ. ಆ ಡಿಸ್ಕಿಗೆ ಸಿಕ್ಕಿಸಿದ್ದ ಎರಡು ಕೇಬಲ್‌ಗಳು ಒಳಗೇ ಉಳಿದಿವೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಹೊರಕ್ಕೆ ಚಾಚಿಕೊಂಡು ಮುಚ್ಚಳಕ್ಕೆ ಒತ್ತುತ್ತವೆ. ಮುಚ್ಚಳ ಪೂರ್ತಿ ಕೂರುತ್ತಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಆ ಎಚ್ಚರಿಕೆ.

ಕೇಬಲ್ ಮಡಚಿ ಒಳಗೆ ಸಿಕ್ಕಿಸಿದರೆ ಮುಗಿಯಿತು, ಗೊತ್ತು. ಕಂಪ್ಯೂಟರ್ ಎದ್ದ ಕೂಡಲೇ ಓಡುವ ಮೂಲ ತಂತ್ರಾಂಶವಾದ ಬಯೋಸ್‌ಗೆ ಹೋಗಿ ಎಚ್ಚರಿಕೆಯನ್ನೇ ಬಂದ್ ಮಾಡಬಹುದು, ಅದೂ ಗೊತ್ತು. ಆದರೆ ಅದು ಹೇಳುತ್ತಿರುವುದು ನಿಜವೇ ಅಲ್ವಾ? ನಿಜ ಹೇಳಿದ್ದಕ್ಕೆ ಬಾಯಿ ಮುಚ್ಚಿಸುವುದು ಹೇಗೆ? ಇನ್ನು ಮುಚ್ಚಳ ತೆಗೆದರೆ ಆ ಟೇಪ್ ಕಣ್ಣಿಗೆ ಬೀಳುತ್ತದೆ. ಎಸ್‌ಎಸ್‌ಡಿ ಬಿಸಿಯಾಗುವ ವಸ್ತು. ಅಂಟು ಎಷ್ಟು ದಿನ ತಾಳುತ್ತದೋ ಎಂದು ಯೋಚಿಸಿದರೆ ಎಫ್1 ಒತ್ತುವುದೇ ವಾಸಿ ಅನ್ನಿಸುತ್ತದೆ.

ನಿನ್ನೆ ರಾತ್ರಿ ಭಾವನ ಫೋನ್ ಬಂತು.

“ಅಲ್ಲಪ್ಪ, ನಿನ್ನ ಆ ಸ್ಕ್ರೂ ತುಂಬಾ ಚಿಕ್ಕದಾ?”

“ಹೌದು ಭಾವ.”

“ಬೆಳ್ಳಗೆ?”

“ಹೌದು. ಯಾಕೆ?”

“ಹಾಗಾದ್ರೆ ಅದೇ ಬಿಡು. ನನ್ನ ಮೊಬೈಲ್ ಕವರಲ್ಲಿ ಮ್ಯಾಗ್ನೆಟ್ ಇದೆ ನೋಡು, ಅದಕ್ಕೆ ಅಂಟ್ಕೊಂಡು ಕೂತಿದೆ. ಭಾನುವಾರದಿಂದ ಈ ಕವರ್ ಸರಿಯಾಗಿ ಮುಚ್ತಾನೇ ಇರ್ಲಿಲ್ಲ. ಯಾಕೆ ಅಂತ ಇವತ್ತು ಬಿಡಿಸಿ ನೋಡಿದೆ.”

ಅಂದರೆ ಅರ್ಧ ಗಂಟೆ ನಾವು ಆ ಸ್ಕ್ರೂವನ್ನು ಕೈಯಲ್ಲಿ ಹಿಡಿದುಕೊಂಡೇ, ಅದರ ಪಕ್ಕದ ಬೆಳಕಲ್ಲೇ, ಅದನ್ನು ಹುಡುಕಿದ್ದೆವು. ನಾನು ಏನೂ ಹೇಳಲಿಲ್ಲ.

“ಭಾನುವಾರ ಹತ್ತು ಗಂಟೆಗೆ ತರ್ತೀನಿ. ನೀನೊಬ್ಬನೇ ಬಿಚ್ಚೋಕೆ ಹೋಗಬೇಡ. ಟಾರ್ಚ್ ಹಿಡಿಯೋಕೆ ನಾನಿದೀನಲ್ಲ.”

ಇವತ್ತು ಎಫ್1 ಒತ್ತಿದ ಮೇಲೆ ಮೊದಲು ಮಾಡಿದ ಕೆಲಸ ಅಕ್ಕನಿಗೆ ಫೋನ್. ನಾಳೆ ಸರಿಯಾಗಿ ಹತ್ತೂವರೆಗೆ ಭಾವನಿಗೆ ಫೋನ್ ಮಾಡು, ಕಾರಣ ಕೇಳಬೇಡ, ಕಡಿಮೆಯೆಂದರೂ ಐದು ನಿಮಿಷ ಮಾತಾಡಿಸು ಎಂದು ಹೇಳಿಟ್ಟಿದ್ದೇನೆ.