ಆ ಹೆಸರು ಇಟ್ಟವರು ಯಾರು?

ಮಾಡರ್ನ್ ಆರ್ಟ್ ಅಂದ ಕೂಡಲೇ ಜನ ಎರಡು ಮಾತು ಹೇಳುತ್ತಾರೆ. ಒಂದು, "ಇದನ್ನ ನಮ್ಮ ಮಗುನೂ ಬಿಡಿಸುತ್ತೆ". ಇನ್ನೊಂದು, "ಅದೆಲ್ಲ ಓದಿಕೊಂಡವರಿಗೆ, ನಮಗೆ ಅರ್ಥ ಆಗಲ್ಲ". ಎರಡನೇ ಮಾತು ಕೇಳಿದಾಗ ನನಗೆ ಜಾಸ್ತಿ ಬೇಜಾರಾಗುತ್ತದೆ. ಯಾಕಂದ್ರೆ ತಪ್ಪು ಇರುವುದು ಕಲಿಸುವ ರೀತಿಯಲ್ಲಿ. ಇಂಪ್ರೆಷನಿಸಂ, ಫೋವಿಸಂ, ಕ್ಯೂಬಿಸಂ, ದಾದಾ, ಸರ್ರಿಯಲಿಸಂ, ಪಾಪ್, ಮಿನಿಮಲಿಸಂ ಅಂತ ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಒಂದು ಇಸವಿ, ಎರಡು ಹೆಸರು. ನಾನೂ ಹಾಗೇ ಬಾಯಿಪಾಠ ಮಾಡಿದ್ದೆ. ಎಷ್ಟೋ ವರ್ಷ ಆ ಪಟ್ಟಿ ತಲೆಯಲ್ಲಿತ್ತು, ಒಂದು ಚಿತ್ರವೂ ಮನಸ್ಸಿನಲ್ಲಿ ಇರಲಿಲ್ಲ.

ಆ ಹೆಸರುಗಳು ಹುಟ್ಟಿದ್ದು ಹೇಗೆ ಅಂತ ತಿಳಿದ ಮೇಲೆ ನನಗೆ ಆ ಪಟ್ಟಿಯ ಮೇಲಿದ್ದ ಭಕ್ತಿ ಹೋಯಿತು. 1874ರಲ್ಲಿ ಪ್ಯಾರಿಸ್ಸಿನಲ್ಲಿ, ಫೋಟೋಗ್ರಾಫರ್ ನದಾರ್ ಬಿಟ್ಟುಹೋದ ಸ್ಟುಡಿಯೋದಲ್ಲಿ ಚಿತ್ರಕಾರರಾದ ಮೊನೆ, ಬರ್ಥ್ ಮೊರಿಸೊ ಮತ್ತು ಗೆಳೆಯರು ತಾವೇ ಒಂದು ಪ್ರದರ್ಶನ ಇಟ್ಟರು. ಅಲ್ಲಿ ಮೊನೆಯ ಸೂರ್ಯೋದಯದ ಚಿತ್ರಕ್ಕೆ 'ಇಂಪ್ರೆಷನ್', ಅಂದರೆ ಮನಸ್ಸಿಗೆ ಮೂಡಿದ ಛಾಪು, ಅನ್ನುವ ಹೆಸರಿತ್ತು. ಲೂಯಿ ಲೆರ್ವಾ ಅನ್ನುವ ವಿಮರ್ಶಕ ಆ ಪದವನ್ನೇ ಹಿಡಿದು ಅವರನ್ನೆಲ್ಲ ಗೇಲಿ ಮಾಡಿ ಬರೆದ. 1905ರಲ್ಲಿ ಚಿತ್ರಕಾರ ಮತಿಸ್ ಮತ್ತು ಜೊತೆಗಾರರ ಬಣ್ಣ ನೋಡಿ ಲೂಯಿ ವೋಸೆಲ್ ಎನ್ನುವ ವಿಮರ್ಶಕ 'ಕಾಡುಮೃಗಗಳು' ಅಂದ, ಫ್ರೆಂಚಿನಲ್ಲಿ 'ಫೋವ್'. ಮೂರು ವರ್ಷ ಬಿಟ್ಟು ಬ್ರಾಕ್‌ನ ಚಿತ್ರಗಳನ್ನು ನೋಡಿ, ಇವನು ಎಲ್ಲವನ್ನೂ ಕ್ಯೂಬ್ ಮಾಡಿಬಿಡುತ್ತಾನೆ ಅಂತ ಬರೆದವನೂ ಅವನೇ. ಒಬ್ಬನೇ ಮನುಷ್ಯ, ಮೆಚ್ಚದೆ ಬರೆದ ಎರಡು ಲೇಖನ. ನಾವು ಪರೀಕ್ಷೆಗೆ ಓದುವ ಎರಡು ಇಸಂ ಬಂದದ್ದು ಅಲ್ಲಿಂದ.

ಹೆಸರು ಬಿಟ್ಟು ಕೆಲಸ ನೋಡಿದರೆ ಎಷ್ಟು ಬೇರೆ ಕಾಣುತ್ತದೆ ನೋಡಿ. ಮೊದಲೆಲ್ಲ ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಇಡುತ್ತಿದ್ದರು. ಅದು ಒಡೆಯುತ್ತಿತ್ತು, ಒಣಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಅನ್ನುವ ಚಿತ್ರಕಾರ ತವರದ ಟ್ಯೂಬ್ ಮಾಡಿದ. ಬಣ್ಣ ಜೇಬಿಗೆ ಬಂತು. ಚಿತ್ರಕಾರರು ಹೊಲ, ನದಿ, ರೈಲ್ವೆ ಸ್ಟೇಷನ್ ಅಂತ ಹೊರಗೆ ಹೊರಟರು. ಆದರೆ ಹೊರಗೆ ಬೆಳಕು ಕಾಯುವುದಿಲ್ಲ, ಅಲ್ವಾ? ನೋಡುತ್ತಿದ್ದಂತೆ ಬದಲಾಗುತ್ತದೆ. ಹಾಗಾಗಿ ಕೈ ಬೇಗ ಓಡಬೇಕು, ಬಣ್ಣವನ್ನು ನುಣ್ಣಗೆ ತಿದ್ದುತ್ತಾ ಕೂರುವಷ್ಟು ಪುರುಸೊತ್ತಿಲ್ಲ. ಆ ತುಂಡು ತುಂಡು ಬಣ್ಣದ ಹಿಂದೆ ಇರುವುದು ಈ ಅವಸರ. 'ಇಂಪ್ರೆಷನಿಸಂ' ಅನ್ನುವ ಪದ ಇದರಲ್ಲಿ ಏನನ್ನೂ ಹೇಳುವುದಿಲ್ಲ, ಆ ಟ್ಯೂಬ್ ಹೇಳುತ್ತದೆ.

ದಾದಾ ಗುಂಪಿನ ಕಲಾವಿದರು ತಮ್ಮ ಹೆಸರನ್ನು ತಾವೇ ಇಟ್ಟುಕೊಂಡರು. 1916, ಜ್ಯೂರಿಚ್. ಸುತ್ತ ಯುದ್ಧ. ಇಷ್ಟು ಓದಿದ, ಇಷ್ಟು ಶಿಸ್ತಿನ ದೇಶಗಳು ಲಕ್ಷಾಂತರ ಹುಡುಗರನ್ನು ಕಂದಕಗಳಲ್ಲಿ ಸಾಯಿಸುತ್ತಿವೆ ಅಂದ್ರೆ ಆ ಬುದ್ಧಿಯೇ ನಮಗೆ ಬೇಡ ಅಂತ ಅವರು ಅರ್ಥವಿಲ್ಲದ ಪದ್ಯ ಓದಿದರು. ಸುಮ್ನೆ ಹುಚ್ಚಾಟ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಕಲಾವಿದ ಮಾರ್ಸೆಲ್ ದುಶಾಂಪ್ 1917ರಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದ ಪಿಂಗಾಣಿ ಯೂರಿನಲ್ ವಿಷಯದಲ್ಲೂ ಹಾಗೇ. ಎಲ್ಲರೂ 'ಇದೂ ಒಂದು ಕಲೆಯಾ' ಅಂತ ಕೇಳುತ್ತಾರೆ. ಪೂರ್ತಿ ಕಥೆ ಹೇಳುವವರು ಕಡಿಮೆ. ದುಡ್ಡು ಕಟ್ಟಿದ ಯಾರೇ ಆಗಲಿ, ಅವರ ಕೃತಿಯನ್ನು ಇಡುತ್ತೇವೆ ಅಂತ ಆ ಪ್ರದರ್ಶನ ನಡೆಸಿದ ಕಲಾವಿದರ ಸಂಘ ಮಾತು ಕೊಟ್ಟಿತ್ತು. ದುಶಾಂಪ್ ಸ್ವತಃ ಅದರ ಮಂಡಳಿಯಲ್ಲಿದ್ದ. 'ಆರ್. ಮಟ್' ಅನ್ನುವ ಬೇರೆ ಹೆಸರಿನಲ್ಲಿ ಸಹಿ ಹಾಕಿ ಅದನ್ನು ಕಳಿಸಲಾಯಿತು. ಸಂಘ ಅದನ್ನು ಪ್ರದರ್ಶನದಲ್ಲಿ ಇಡಲಿಲ್ಲ. ಅವನು ರಾಜೀನಾಮೆ ಕೊಟ್ಟ. ಕೊಟ್ಟ ಮಾತು ಎಲ್ಲಿಯವರೆಗೆ ಅಂತ ಅವನು ಕೇಳಿದ್ದ, ಉತ್ತರ ಸಿಕ್ಕಿತು. ಆ ಮೂಲ ವಸ್ತು ಕಳೆದುಹೋಗಿದೆ. ಈಗ ಮ್ಯೂಸಿಯಂಗಳಲ್ಲಿ ಇರುವುದು ಆಮೇಲೆ ಮಾಡಿಸಿದ ಪ್ರತಿಗಳು.

ಇನ್ನು ಆ ಪಟ್ಟಿಯಲ್ಲಿ ಇಲ್ಲದವರು. ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಅಮೂರ್ತ ಚಿತ್ರ, ಅಂದರೆ ಯಾವ ವಸ್ತುವನ್ನೂ ಇದ್ದ ಹಾಗೆ ತೋರಿಸದ ಚಿತ್ರ, ಶುರು ಮಾಡಿದ್ದರು. 1907ರ ಅವರ ಕೆಲವು ಚಿತ್ರಗಳು 3 ಮೀಟರಿಗಿಂತ ಎತ್ತರ. ನಮಗೆ ಮಾತ್ರ ಅಮೂರ್ತ ಕಲೆಯ ಮೊದಲಿಗ ಕ್ಯಾಂಡಿನ್‌ಸ್ಕಿ ಅಂತ ಕಲಿಸಿದ್ದರು. ತಾನು ತೀರಿಕೊಂಡ 20 ವರ್ಷದವರೆಗೆ ಈ ಚಿತ್ರಗಳನ್ನು ತೋರಿಸಬೇಡಿ ಅಂತ ಅವರು ಹೇಳಿದ್ದರು. 1944ರಲ್ಲಿ ತೀರಿಕೊಂಡರು. 2018ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿ ಶುರುವಾದ ಅವರ ಪ್ರದರ್ಶನವನ್ನು 6 ಲಕ್ಷಕ್ಕೂ ಜಾಸ್ತಿ ಜನ ನೋಡಿದರು. ಅವರು ಆ ಪಟ್ಟಿಯ ಯಾವ ಇಸಂಗೂ ಸೇರಿರಲಿಲ್ಲ, ಯಾವ ವಿಮರ್ಶಕನೂ ಅವರಿಗೆ ಹೆಸರಿಡಲಿಲ್ಲ, ಹಾಗಾಗಿ ಪುಸ್ತಕಗಳಲ್ಲಿ ಜಾಗ ಸಿಗಲಿಲ್ಲ.

ಮಾಡರ್ನ್ ಆರ್ಟ್ ಆದ ಮೇಲೆ ಬಂದ ಪೋಸ್ಟ್‌ಮಾಡರ್ನ್ ಕಾಲದಲ್ಲಿ ನನಗೆ ತುಂಬ ಪ್ರೀತಿಯದು ಮಿಠಾಯಿಯ ಒಂದು ರಾಶಿ. ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್ ಟೋರೆಸ್ 1991ರಲ್ಲಿ ಮಾಡಿದ್ದು. ಅವನ ಸಂಗಾತಿ ರಾಸ್ ಏಡ್ಸ್‌ನಿಂದ ತೀರಿಕೊಂಡ ವರ್ಷ ಅದು. ಬಣ್ಣದ ಕಾಗದದಲ್ಲಿ ಸುತ್ತಿದ ಮಿಠಾಯಿ, ಗೋಡೆಯ ಮೂಲೆಯಲ್ಲಿ, ಸುಮಾರು 79 ಕಿಲೋ. ಒಬ್ಬ ಆರೋಗ್ಯವಂತ ಗಂಡಸಿನ ತೂಕ. ನೋಡಲು ಬಂದವರು ಒಂದೊಂದು ತೆಗೆದುಕೊಂಡು ತಿನ್ನಬಹುದು. ರಾಶಿ ಕರಗುತ್ತಾ ಹೋಗುತ್ತದೆ, ಕಾಯಿಲೆಯಲ್ಲಿ ದೇಹ ಕರಗಿದ ಹಾಗೆ. ಮ್ಯೂಸಿಯಂನವರು ಮತ್ತೆ ತುಂಬಿಸಬಹುದು. ಆಗ ರಾಸ್‌ನ ತೂಕ ಅವನಿಗೆ ವಾಪಸ್ ಬರುತ್ತದೆ.

ಇದು ಕಾನ್ಸೆಪ್ಚುವಲ್ ಆರ್ಟಾ, ಮಿನಿಮಲಿಸಂನ ಮುಂದುವರಿಕೆಯಾ, ಪೋಸ್ಟ್‌ಮಾಡರ್ನಾ? ಮೂರೂ ಹೇಳಬಹುದು. ಕಲೆ ಗೊತ್ತಿಲ್ಲ ಅನ್ನುವ ಯಾರಿಗಾದರೂ ಈ ರಾಶಿಯ ಬಗ್ಗೆ ಹೇಳಿ ನೋಡಿ. ಒಂದು ನಿಮಿಷ ಮಾತಾಡುವುದಿಲ್ಲ, ಆಮೇಲೆ ತಮ್ಮ ಮನೆಯಲ್ಲಿ ಕಾಯಿಲೆ ಬಿದ್ದಿದ್ದವರ ಬಗ್ಗೆ ಮಾತು ಶುರು ಮಾಡುತ್ತಾರೆ. ನಾನು ಯಾರಿಗಾದರೂ ಕಲಿಸುವುದಾದರೆ ಇಲ್ಲಿಂದಲೇ ಶುರು ಮಾಡುತ್ತೇನೆ. 1874 ಆಮೇಲೆ ಬರಲಿ.