ಕೊಯ್ಯದೆ ಉಳಿಸಬೇಕಾದ ಪಟ್ಟಿ

ಚೈನ್‌ಸಾದಿಂದ ಮರ ಕಡಿಯುವ ಕುರಿತ ಈ ಲೇಖನದಲ್ಲಿ, ಮರ ಬೀಳಬೇಕಾದ ಕಡೆ ಹಾಕುವ ಕಚ್ಚನ್ನೂ ಹಿಂಬದಿಯ ಕೊಯ್ತವನ್ನೂ ಚೆನ್ನಾಗಿ ವಿವರಿಸಲಾಗಿದೆ; ಆದರೆ ಅವೆರಡರ ನಡುವೆ ಕಾಂಡದಲ್ಲಿ ಕೊಯ್ಯದೆ ಉಳಿಸಬೇಕಾದ ಮರದ ಪಟ್ಟಿಯ ಬಗ್ಗೆ ಒಂದೇ ಸಾಲು ಬರೆದಿರುವುದು ಏನೇನೂ ಸಾಲದು. ಕಾಂಡದ ವ್ಯಾಸದ ಸುಮಾರು ಶೇ. 10ರಷ್ಟು ದಪ್ಪವಿರಬೇಕಾದ ಆ ಪಟ್ಟಿಯೇ ಬಾಗಿಲಿನ ಬಿಜಾಗರಿಯಂತೆ ಬಾಗುತ್ತಾ ಮರವನ್ನು ನಾವು ಗೊತ್ತುಮಾಡಿದ ದಿಕ್ಕಿಗೆ ಇಳಿಸುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಮರ ಬುಡದಲ್ಲೇ ತಿರುಗಿ ಎತ್ತ ಬೇಕಾದರೂ ಬೀಳಬಹುದು. ಹಿಂಬದಿಯ ಸೀಳು ತುಸು ಅಗಲವಾದದ್ದು ಕಂಡ ಕೂಡಲೇ ಯಂತ್ರವನ್ನು ಹೊರತೆಗೆದು, ಮೊದಲೇ ಸವರಿಟ್ಟುಕೊಂಡ ದಾರಿಯಲ್ಲಿ ಓರೆಯಾಗಿ ಹಿಂದಕ್ಕೆ ಸರಿಯಬೇಕು, ಕಣ್ಣು ಮಾತ್ರ ಮೇಲಿನ ಒಣಕೊಂಬೆಗಳ ಮೇಲೇ ಇರಬೇಕು. ಬುಡ ಕೊಳೆತ ಅಥವಾ ಟೊಳ್ಳಾದ ಮರದಲ್ಲಿ ಈ ಪಟ್ಟಿಗೆ ಬಲವೇ ಇರುವುದಿಲ್ಲವಾದ್ದರಿಂದ, ಅಂಥದ್ದನ್ನು ನುರಿತವರಿಗೇ ಬಿಡಬೇಕೆಂಬ ಎಚ್ಚರಿಕೆಯನ್ನು ಲೇಖಕರು ದಯವಿಟ್ಟು ಸೇರಿಸಬೇಕೆಂದು ಕೋರುತ್ತೇನೆ.